ಏಳೆಂಟು ಕೆಜೀಲಿ ಯೂರೋಪ್: ಯಾವ ಸೀಸನ್ ಆದ್ರೂ ಸರಿ, ಬ್ಯಾಗ್ ಕಟ್ಟೋದು ಹೀಗೆ

ಮೊದಲನೇ ಸಲ ಪ್ರಾಗ್‌ಗೆ ಹೋದಾಗ ಫೆಬ್ರವರಿ ತಿಂಗಳು, ನಾಲ್ಕೇ ನಾಲ್ಕು ದಿನದ ಟ್ರಿಪ್ಪು, ಕೈಯಲ್ಲಿ ಮಾತ್ರ 23 ಕೆಜಿ ಸೂಟ್‌ಕೇಸು. ಚಳಿ ಅಂದ್ರೆ ಸಾಕು ನಮ್ಮನೇಲಿ ಎಲ್ರೂ ಸೇರ್ಕೊಂಡು ತುಂಬಿಸಿಬಿಡ್ತಾರೆ, ಎರಡು ದಪ್ಪ ಸ್ವೆಟರ್, ಮೂರು ಜೀನ್ಸು, ಶಾಲು, ಅದರ ಮೇಲೆ ಅಮ್ಮಂದು ಒಂದು ಮಂಕಿ ಕ್ಯಾಪು. "ಇದೊಂದ್ ಇಟ್ಕೊಳೋ, ಭಾರ ಏನಾಗತ್ತೆ" ಅಂತ ಒಂದೊಂದಾಗಿ ಇಟ್ಟಿದ್ದೇ 23 ಆಗಿತ್ತು. ಪ್ರಾಗ್‌ನ ಹಳೇ ಪೇಟೆ ಪೂರ್ತಿ ಸಣ್ಣ ಸಣ್ಣ ಚೌಕ ಕಲ್ಲು ಜೋಡಿಸಿರೋ ರಸ್ತೆ, ನೋಡಕ್ಕೆ ಚೆಂದ, ಆದ್ರೆ ಟ್ರಾಲಿ ಚಕ್ರ ಪ್ರತೀ ಕಲ್ಲಿಗೂ ಟಕ್ ಟಕ್ ಟಕ್ ಅಂತ ಹೊಡ್ಕೊಂಡು ಹತ್ತು ನಿಮಿಷದಲ್ಲಿ ಒಂದು ಚಕ್ರ ಕಿತ್ಕೊಂಡು ಬಂತು. ಉಳ್ಕೊಳೋ ಅಪಾರ್ಟ್‌ಮೆಂಟು ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಹೊತ್ಕೊಂಡು ಹತ್ತಿದೆ. ನಾಲ್ಕು ದಿನದಲ್ಲಿ ಹಾಕ್ಕೊಂಡಿದ್ದು ಎರಡು ಪ್ಯಾಂಟು, ಒಂದು ಸ್ವೆಟರ್, ಮೂರು ಟೀಶರ್ಟು.

ಆವತ್ತೇ ಗೊತ್ತಾಗಿದ್ದು, ಅಲ್ಲಿ ಕೂಲಿನೂ ನಾವೇ, ದೋಬಿನೂ ನಾವೇ. ಸ್ಟೇಷನ್ನಲ್ಲಿ ಕೆಂಪು ಶರ್ಟಿನ ಪೋರ್ಟರ್ ಬರಲ್ಲ, ಟ್ಯಾಕ್ಸಿ ಡಿಕ್ಕಿಗೆ ಹಾಕಿ ಬಾಗಿಲವರೆಗೂ ಹೋಗೋದು ದುಬಾರಿ, ಮೆಟ್ರೋ, ಟ್ರಾಮ್, ಮೆಟ್ಟಲು, ಕಲ್ಲುರಸ್ತೆ, ಇಷ್ಟೇ. ಅದಕ್ಕೇ ಬ್ಯಾಗ್ ಕಟ್ಟೋವಾಗ "ಚಳಿ ಎಷ್ಟಿರತ್ತೆ" ಅನ್ನೋದಕ್ಕಿಂತ ಮೊದಲು "ಇದನ್ನ ನಾಲ್ಕು ಮಹಡಿ ಹೊರಕ್ಕಾಗತ್ತಾ" ಅಂತ ಕೇಳ್ಕೊಳ್ಳಿ. ಆಮೇಲೆ ಆಫೀಸ್ ಕೆಲಸಕ್ಕೆ ಜರ್ಮನಿಗೆ ಹೋದಾಗೆಲ್ಲ ಶುಕ್ರವಾರ ಸೇರಿಸಿ ಒಂದೊಂದು ಊರು ನೋಡ್ಕೊಂಡು ಬಂದಿದೀನಿ, ಅಕ್ಟೋಬರ್‌ನ ಆಮ್‌ಸ್ಟರ್‌ಡ್ಯಾಮ್, ಡಿಸೆಂಬರ್‌ನ ವಿಯೆನ್ನಾ, ಜುಲೈನ ರೋಮ್, ಎಲ್ಲಕ್ಕೂ ಅದೇ ಒಂದು ಬ್ಯಾಗು. ಒಳಗಿರೋದ್ರಲ್ಲಿ ಮುಕ್ಕಾಲು ಭಾಗ ಬದಲಾಗಿಲ್ಲ.

1. ಮೊದಲು ಬ್ಯಾಗು, ಆಮೇಲೆ ಬಟ್ಟೆ

ನಾವೆಲ್ಲ ಮಾಡೋ ತಪ್ಪು ಉಲ್ಟಾ, ಮಂಚದ ಮೇಲೆ ಬಟ್ಟೆ ಗುಡ್ಡೆ ಹಾಕಿ ಆಮೇಲೆ ಅಷ್ಟು ಹಿಡಿಸೋ ಸೂಟ್‌ಕೇಸ್ ಹುಡುಕ್ತೀವಿ. ಬ್ಯಾಗ್ ದೊಡ್ಡದಾದಷ್ಟೂ ತುಂಬತ್ತೆ, ಅದು ಖಾಲಿ ಇರಕ್ಕೆ ಬಿಡಲ್ಲ ನಾವು.

ಬೆಂಗಳೂರಿಂದ ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗೆಲ್ಲ ನೇರ ವಿಮಾನ ಇದೆ, ಅವುಗಳಲ್ಲಿ ಚೆಕ್-ಇನ್ ಲಗೇಜ್ ಸಾಮಾನ್ಯವಾಗಿ ಟಿಕೆಟ್ಟಲ್ಲೇ ಬರತ್ತೆ, ಅದಕ್ಕೇ ನಾವು ಮೈಮರೆಯೋದು. ಅಸಲಿ ತಾಪತ್ರಯ ಶುರುವಾಗೋದು ಅಲ್ಲಿಗೆ ಹೋದ್ಮೇಲೆ, ಒಂದೂರಿಂದ ಇನ್ನೊಂದೂರಿಗೆ ಅಗ್ಗದ ವಿಮಾನ ಹತ್ತೋವಾಗ. ರಯಾನ್‌ಏರ್, ವಿಜ್ ಏರ್ ಇವರ ಕಮ್ಮಿ ಟಿಕೆಟ್ಟಲ್ಲಿ ಫ್ರೀ ಇರೋದು ಸೀಟಿನ ಕೆಳಗೆ ಹಿಡಿಸೋ 40×30×20 ಸೆಂಟಿಮೀಟರ್ ಬ್ಯಾಗ್ ಒಂದೇ, ಈಸಿಜೆಟ್‌ದು ಸ್ವಲ್ಪ ದೊಡ್ಡದು, 45×36×20. 40×30×20 ಅಂದ್ರೆ ಲೆಕ್ಕ ಹಾಕಿ, 24 ಲೀಟರ್, ಕಾಲೇಜು ಹುಡುಗರ ಬ್ಯಾಗಿನ ಸೈಜು. ಗೇಟಲ್ಲಿ ಒಂದು ಕಬ್ಬಿಣದ ಚೌಕಟ್ಟು ಇಟ್ಟಿರ್ತಾರೆ, ಹಿಡಿಸ್ಲಿಲ್ಲ ಅಂದ್ರೆ ಅಲ್ಲೇ ದುಡ್ಡು ಕೀಳ್ತಾರೆ, ಎಷ್ಟೋ ಸಲ ಟಿಕೆಟ್ಟಿಗಿಂತ ಜಾಸ್ತಿ. ದೊಡ್ಡ ಕಂಪನಿಗಳದು ಸಲೀಸು, ಲುಫ್ತಾನ್ಸಾದಲ್ಲಿ ಕ್ಯಾಬಿನ್ ಬ್ಯಾಗಿಗೆ 8 ಕೆಜಿ, ಕೆಎಲ್‌ಎಂ, ಏರ್ ಫ್ರಾನ್ಸಲ್ಲಿ ಕೈಚೀಲ ಎಲ್ಲ ಸೇರಿ 12 ಕೆಜಿ. ಈ ನಿಯಮಗಳು ಬದಲಾಗ್ತಾನೇ ಇರ್ತವೆ, ಬುಕ್ ಮಾಡೋ ದಿನ ಒಂದ್ಸಲ, ಹೊರಡೋ ವಾರ ಇನ್ನೊಂದ್ಸಲ ನೋಡ್ಕೊಳ್ಳಿ.

ಟ್ರಾಲಿನಾ ಬ್ಯಾಕ್‌ಪ್ಯಾಕಾ ಅಂದ್ರೆ ನನ್ನ ಓಟು ಬ್ಯಾಕ್‌ಪ್ಯಾಕಿಗೆ. ಗಟ್ಟಿ ಕವಚದ ಟ್ರಾಲಿ ಖಾಲಿ ಇದ್ದಾಗಲೇ ಎರಡೂವರೆ ಮೂರು ಕೆಜಿ ತೂಗತ್ತೆ, 8 ಕೆಜಿ ಲಿಮಿಟ್ಟಲ್ಲಿ ಮೂರನೇ ಒಂದು ಭಾಗ ಬರೀ ಪ್ಲಾಸ್ಟಿಕ್ಕಿಗೇ ಹೋಯ್ತು. ಬ್ಯಾಕ್‌ಪ್ಯಾಕು ಒಂದು ಕೆಜಿ ಆಸುಪಾಸು. ಬೆನ್ನು ನೋವಿರೋರು, ಅರವತ್ತು ದಾಟಿದ ಅಪ್ಪ ಅಮ್ಮ ಜೊತೆಗಿದ್ರೆ ಮಾತು ಬೇರೆ, ಅವರಿಗೆ ದೊಡ್ಡ ಚಕ್ರದ, ಮೆತ್ತನೆ ಬಟ್ಟೆಯ ಟ್ರಾಲಿ ತಗೊಳ್ಳಿ, ನಾಲ್ಕು ಪುಟಾಣಿ ಚಕ್ರದ್ದು ಏರ್‌ಪೋರ್ಟ್ ಟೈಲ್ಸಿಗೆ ಮಾತ್ರ ಲಾಯಕ್ಕು.

2. ಹವಾಮಾನ ನೋಡೋವಾಗ ಏನು ನೋಡ್ಬೇಕು

ಗೂಗಲ್ಲಲ್ಲಿ "ವಿಯೆನ್ನಾ ಡಿಸೆಂಬರ್ ಟೆಂಪರೇಚರ್" ಅಂತ ಹಾಕಿ ಸರಾಸರಿ ನೋಡಿ ಹೆದರ್ಕೋಬೇಡಿ. ಹೊರಡಕ್ಕೆ ನಾಲ್ಕೈದು ದಿನ ಇದೆ ಅನ್ನೋವಾಗ ಮೂರು ವಿಷಯ ನೋಡಿ: ರಾತ್ರಿಯ ಕನಿಷ್ಠ, ಗಾಳಿ, ಮಳೆ. ಗಾಳಿನ ನಾವು ಲೆಕ್ಕಕ್ಕೇ ತಗೊಳಲ್ಲ. 8 ಡಿಗ್ರಿ ಬಿಸಿಲಲ್ಲಿ ವಿಯೆನ್ನಾದಲ್ಲಿ ಆರಾಮಾಗಿ ನಡೀಬೋದು, ಅದೇ 8 ಡಿಗ್ರಿ ಆಮ್‌ಸ್ಟರ್‌ಡ್ಯಾಮ್ ಕಾಲುವೆ ಪಕ್ಕ ಗಾಳಿ ಮಳೆ ಜೊತೆ ಬಂದ್ರೆ ಮೂಳೆಗೇ ಇಳಿಯತ್ತೆ.

ಇನ್ನೊಂದು, ಬೆಳಕು. ಡಿಸೆಂಬರಲ್ಲಿ ಪ್ರಾಗ್, ವಿಯೆನ್ನಾ ಕಡೆ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರ್ತಾನೆ. ಜೂನಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ರಾತ್ರಿ ಹತ್ತಾದ್ರೂ ಬೆಳಕಿರತ್ತೆ. ಬೇಸಿಗೇಲಿ ಹೋಗೋರು ಅದಕ್ಕೇ ಕಣ್ಣಿಗೆ ಕಟ್ಕೊಳೋ ಪಟ್ಟಿ ಒಂದು ತಗೊಂಡ್ಹೋಗಿ, ವಿಮಾನದಲ್ಲಿ ಕೊಡೋದೇ ಸಾಕು.

3. ವರ್ಷ ಪೂರ್ತಿ ಬದಲಾಗದ ಭಾಗ

ನಾಲ್ಕು ದಿನ ಇರಲಿ ಎಂಟು ದಿನ ಇರಲಿ ನನ್ನ ಬ್ಯಾಗಲ್ಲಿರೋ ಬಟ್ಟೆ ಒಂದೇ: ನಾಲ್ಕು ಟೀಶರ್ಟು ಅಥವಾ ಶರ್ಟು, ಎರಡು ಪ್ಯಾಂಟು (ಒಂದು ಮೈ ಮೇಲೆ), ಐದು ಜೊತೆ ಒಳಬಟ್ಟೆ, ನಾಲ್ಕು ಜೊತೆ ಸಾಕ್ಸು, ರಾತ್ರಿಗೆ ಒಂದು ಜೊತೆ, ತೆಳು ಫ್ಲೀಸ್ (ಸ್ವೆಟರ್ ಥರದ ಹಗುರ, ಬೆಚ್ಚನೆ ಮೇಲಂಗಿ) ಒಂದು, ಗಾಳಿ ಮಳೆ ತಡೆಯೋ ತೆಳು ಜಾಕೆಟ್ ಒಂದು. ಹೆಣ್ಮಕ್ಕಳಿಗೂ ಲೆಕ್ಕ ಇದೇ, ಟೀಶರ್ಟ್ ಜಾಗದಲ್ಲಿ ಕುರ್ತಾ, ಪ್ಯಾಂಟ್ ಜಾಗದಲ್ಲಿ ಲೆಗ್ಗಿಂಗ್ಸು, ಜೊತೆಗೆ ಒಂದು ದುಪಟ್ಟಾ ಅಥವಾ ಸ್ಟೋಲ್ ಕಡ್ಡಾಯ, ಅದರ ಉಪಯೋಗ ಮುಂದೆ ಹೇಳ್ತೀನಿ.

ಬಣ್ಣ ಒಂದಕ್ಕೊಂದು ಹೊಂದೋ ಹಾಗಿರಲಿ, ಯಾವ ಟೀಶರ್ಟು ಯಾವ ಪ್ಯಾಂಟಿಗಾದ್ರೂ ಆಗ್ಬೇಕು. ಫೋಟೋದಲ್ಲೆಲ್ಲ ಅದೇ ಡ್ರೆಸ್ಸು ಬರತ್ತೆ ಅನ್ನೋ ಚಿಂತೆ ಇರೋರು ಸ್ಕಾರ್ಫ್ ಬದಲಾಯಿಸಿ, 60 ಗ್ರಾಮಲ್ಲಿ ಫೋಟೋನೇ ಬೇರೆ ಆಗತ್ತೆ. ನಮ್ಮಕ್ಕ ಐಫೆಲ್ ಟವರ್ ಮುಂದೆ ಸೀರೆಲೇ ಫೋಟೋ ಬೇಕು ಅಂತ ಹಠ ಹಿಡಿದಿದ್ಲು, ರೇಷ್ಮೆ ಬೇಡ ಕಣೇ ಅಂತ ಒಪ್ಸಿ ತೆಳು ಕ್ರೇಪ್ ಸೀರೆ ತಗೊಂಡ್ವಿ, ಸುತ್ತಿದ್ರೆ ಒಂದು ಟವೆಲ್ಲಷ್ಟೂ ಇರಲಿಲ್ಲ, ಇಸ್ತ್ರಿನೂ ಬೇಕಾಗ್ಲಿಲ್ಲ, ಕೆಳಗೆ ಸ್ಪೋರ್ಟ್ಸ್ ಶೂ. ಫೋಟೋ ಚೆನ್ನಾಗಿ ಬಂದಿದೆ.

ಜೀನ್ಸ್ ಬಗ್ಗೆ ಒಂದು ಮಾತು. ಒಂದು ಜೀನ್ಸು ಆರೇಳು ನೂರು ಗ್ರಾಮ್ ತೂಗತ್ತೆ, ಒದ್ದೆ ಆದ್ರೆ ಎರಡು ದಿನ ಒಣಗಲ್ಲ, ಚಳಿಗೆ ಅದರಷ್ಟು ದಂಡ ಬಟ್ಟೆ ಇನ್ನೊಂದಿಲ್ಲ. ಬಿಡಕ್ಕಾಗಲ್ಲ ಅಂದ್ರೆ ಒಂದೇ ಒಂದು, ಅದೂ ಮೈ ಮೇಲೆ ಹಾಕ್ಕೊಂಡೇ ವಿಮಾನ ಹತ್ತಿ.

ನಾಲ್ಕು ಟೀಶರ್ಟಲ್ಲಿ ಎಂಟು ದಿನ ಹೇಗೆ ಅಂದ್ರೆ, ಒಗೆಯೋದು. ರಾತ್ರಿ ರೂಮಿಗೆ ಬಂದ್ಮೇಲೆ ವಾಶ್‌ಬೇಸಿನ್ ತೂತಕ್ಕೆ ಒಂದು ಸಾಕ್ಸ್ ತುರುಕಿ (ಬೇಸಿನ್ ಬಿರಡೆ ಅರ್ಧ ಕಡೆ ಕೆಟ್ಟಿರತ್ತೆ) ಬಿಸಿನೀರು ತುಂಬಿಸಿ, ಹೋಟ್ಲು ಕೊಟ್ಟಿರೋ ಶಾಂಪೂ ಒಂದು ಚಮಚದಷ್ಟು ಹಾಕಿ, ಟೀಶರ್ಟು ಒಳಬಟ್ಟೆ ಹತ್ತು ನಿಮಿಷ ನೆನೆಸಿ ಕಸಕಿ ಜಾಲಿಸಿ. ಹಿಂಡೋದು ಕೈಯಲ್ಲಿ ಎಷ್ಟು ಹಿಂಡಿದ್ರೂ ನೀರು ಇರತ್ತೆ. ಒಣ ಸ್ನಾನದ ಟವೆಲ್ ನೆಲದ ಮೇಲೆ ಹಾಸಿ, ಅದರ ಮೇಲೆ ಟೀಶರ್ಟ್ ಚಪ್ಪಟೆಯಾಗಿ ಹರಡಿ, ಎರಡನ್ನೂ ಸೇರಿಸಿ ಚಾಪೆ ಸುತ್ತೋ ಹಾಗೆ ಬಿಗಿಯಾಗಿ ಸುತ್ತಿ, ಆ ಸುರುಳಿ ಮೇಲೆ ಹತ್ತಿ ನಿಂತ್ಕೊಳ್ಳಿ, ಒಂದು ತುದಿಯಿಂದ ಇನ್ನೊಂದು ತುದಿವರೆಗೂ ಹೆಜ್ಜೆ ಹೆಜ್ಜೆ ತುಳೀರಿ. ಬಿಚ್ಚಿ ನೋಡಿದ್ರೆ ಟವೆಲ್ ಒದ್ದೆ, ಟೀಶರ್ಟು ಬರೀ ತಣ್ಣಗೆ. ಹ್ಯಾಂಗರಿಗೆ ಹಾಕಿದ್ರೆ ಪಾಲಿಯೆಸ್ಟರ್, ಮೆರಿನೋ ಉಣ್ಣೆ ಬೆಳಗ್ಗೆ ಹೊತ್ತಿಗೆ ಒಣಗಿರತ್ತೆ, ಚಳಿಗಾಲ ಆದ್ರೆ ರೂಮ್ ಹೀಟರ್ ಹತ್ರ ಇನ್ನೂ ಬೇಗ. ದಪ್ಪ ಕಾಟನ್ ಒಣಗಲ್ಲ, ಅದಕ್ಕೇ ಬನಿಯನ್ ಬಟ್ಟೆ ಟೀಶರ್ಟು ಮನೇಲೇ ಬಿಡಿ.

4. ಸೀಸನ್‌ಗೆ ತಕ್ಕ ಮೇಲ್ಪದರ

*ಚಳಿಗಾಲ, ಡಿಸೆಂಬರಿಂದ ಫೆಬ್ರವರಿ.* ನಮಗೆ ಚಳಿ ಅಂದ್ರೆ ಮಡಿಕೇರಿ, ಮನೆ ಒಳಗೂ ಚಳಿ ಹೊರಗೂ ಚಳಿ. ಅಲ್ಲಿ ಹಾಗಲ್ಲ. ಹೊರಗೆ ಸೊನ್ನೆ ಇದ್ರೆ ಅಂಗಡಿ, ಮ್ಯೂಸಿಯಂ, ಮೆಟ್ರೋ ಒಳಗೆ 20, 22 ಡಿಗ್ರಿ. ದಿನಕ್ಕೆ ಹತ್ತು ಹದಿನೈದು ಸಲ ಒಳಗೆ ಹೊರಗೆ ಹೋಗ್ತೀರಿ, ಒಂದೇ ದಪ್ಪ ಸ್ವೆಟರ್ ಹಾಕ್ಕೊಂಡಿದ್ರೆ ಒಳಗೆ ಬೆವೆತು, ಆ ಬೆವರು ಹೊರಗೆ ಬಂದಾಗ ತಣ್ಣಗಾಗಿ, ಆಮೇಲೆ ನಡುಕ. ಅದಕ್ಕೇ ಪದರ ಪದರ: ಮೈಗೆ ಅಂಟಿದ ತೆಳು ಥರ್ಮಲ್ (ಕಾಟನ್ ಬೇಡ, ಬೆವರು ಹಿಡ್ಕೊಳತ್ತೆ), ಅದರ ಮೇಲೆ ಟೀಶರ್ಟು, ಫ್ಲೀಸು, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯೋ ಜಾಕೆಟ್ಟು. ಥರ್ಮಲ್ ಮೇಲಕ್ಕೆ ಎರಡು, ಕೆಳಕ್ಕೆ ಒಂದು ಸಾಕು. ಒತ್ತಿದ್ರೆ ಮುದುಡ್ಕೊಳೋ, ಹಕ್ಕಿ ಪುಕ್ಕ ತುಂಬಿದ ಡೌನ್ ಜಾಕೆಟ್ ಒಂದು ಸೇರಿಸ್ಕೊಂಡ್ರೆ ಮೈನಸ್ ಐದಕ್ಕೂ ಆಗತ್ತೆ. ಇದೆಲ್ಲ ಬೆಂಗಳೂರಿನ ಡೆಕಾಥ್ಲಾನಲ್ಲೇ ಸಿಗತ್ತೆ, ಅಲ್ಲಿಗೆ ಹೋಗಿ ಯೂರೋ ಕೊಟ್ಟು ತಗೊಳೋದು ಬೇಡ.

ಗ್ಲೌಸು, ಕುತ್ತಿಗೆಗೆ ಮಫ್ಲರು, ಕಿವಿ ಮುಚ್ಚೋ ಟೋಪಿ. ಇವು ಮೂರು ಸೇರಿ ಕಾಲು ಕೆಜಿ ಇಲ್ಲ, ಆದ್ರೆ ಒಂದು ಸ್ವೆಟರ್ ಮಾಡದ ಕೆಲಸ ಮಾಡ್ತವೆ. ಆ ಪ್ರಾಗ್ ಟ್ರಿಪ್ಪಲ್ಲಿ ರಾತ್ರಿ ಚಾರ್ಲ್ಸ್ ಸೇತುವೆ ಮೇಲೆ ನದಿ ಗಾಳಿ ಹೊಡೆದಾಗ ನನ್ನ ಸ್ಟೈಲು ಬೀನಿ ಟೋಪಿ ಹಾರಿ ಹಾರಿ ಹೋಗ್ತಿತ್ತು, ಕೊನೆಗೆ ಯಾರೂ ನೋಡಲ್ಲ ಅಂತ ಅಮ್ಮನ ಮಂಕಿ ಕ್ಯಾಪ್ ತೆಗೆದು ಹಾಕ್ಕೊಂಡೆ. ಕಿವಿ, ಗಲ್ಲ, ಕುತ್ತಿಗೆ ಒಂದೇ ಏಟಿಗೆ ಬೆಚ್ಚಗಾಯ್ತು. ಆವತ್ತಿಂದ ಅದು ಲಿಸ್ಟಲ್ಲಿದೆ. ಲಿಪ್ ಬಾಮ್, ಮಾಯಿಶ್ಚರೈಸರ್ ಮರೀಬೇಡಿ, ಹೀಟರಿನ ಒಣ ಗಾಳಿಗೆ ಮೂರನೇ ದಿನ ತುಟಿ ಒಡೀತದೆ. ಭಾರದ ಜಾಕೆಟ್ಟು, ಭಾರದ ಶೂ ಯಾವತ್ತೂ ಬ್ಯಾಗಿಗೆ ಹಾಕ್ಬೇಡಿ, ಮೈ ಮೇಲೆ ಇರೋದನ್ನ ಯಾರೂ ತೂಕ ಹಾಕಲ್ಲ.

*ಮಾರ್ಚಿಂದ ಮೇ, ಸೆಪ್ಟೆಂಬರಿಂದ ನವೆಂಬರ್.* ಪ್ಯಾಕ್ ಮಾಡಕ್ಕೆ ಕಷ್ಟ ಇದೇ, ಬೆಳಗ್ಗೆ 6, ಮಧ್ಯಾಹ್ನ 17, ಸಂಜೆ ಮಳೆ, ಏಪ್ರಿಲಲ್ಲೂ ಒಂದೊಂದ್ಸಲ ಹಿಮ ಬೀಳತ್ತೆ. ಮೇಲೆ ಮೂರನೇ ಭಾಗದಲ್ಲಿ ಹೇಳಿದ ಬಟ್ಟೆ ಜೊತೆ ಒಂದು ಥರ್ಮಲ್ ಟಾಪು, ಒಂದು ಟೋಪಿ, ಅಷ್ಟೇ. ಛತ್ರಿ ಬಗ್ಗೆ ಹುಷಾರು, ಆಮ್‌ಸ್ಟರ್‌ಡ್ಯಾಮ್ ಗಾಳಿಗೆ ನನ್ನ ಮೂರು ಮಡಿಕೆ ಛತ್ರಿ ಮೊದಲನೇ ದಿನವೇ ತಿರುಗಾಮುರುಗಾ ಆಗಿ ಕಸದ ಬುಟ್ಟಿ ಸೇರ್ತು, ಅಲ್ಲಿನವರು ಸೈಕಲ್ ಮೇಲೆ ಹುಡ್ ಇರೋ ಮಳೆ ಜಾಕೆಟ್ ಹಾಕ್ಕೊಂಡು ಆರಾಮಾಗಿ ಹೋಗ್ತಿರ್ತಾರೆ. ಹುಡ್ ಇರೋ ಜಾಕೆಟ್ಟೇ ತಗೊಳ್ಳಿ.

*ಬೇಸಿಗೆ.* "ಯೂರೋಪ್ ಅಲ್ವಾ, ತಂಪಾಗಿರತ್ತೆ" ಅಂತ ಜುಲೈಲಿ ಫುಲ್ ತೋಳಿನ ಬಟ್ಟೆ ಕಟ್ಕೊಂಡು ಹೋಗೋರಿದಾರೆ. 2019ರ ಜುಲೈ 25ಕ್ಕೆ ಪ್ಯಾರಿಸಲ್ಲಿ 42.6 ಡಿಗ್ರಿ ದಾಖಲಾಗಿದೆ, 2022ರ ಜುಲೈಯಲ್ಲಿ ಲಂಡನ್ನೂ 40 ದಾಟಿತ್ತು, ನಮ್ಮ ಕಲಬುರಗಿ ರಾಯಚೂರಿನ ಬೇಸಿಗೆ ಲೆಕ್ಕ. ಅದರ ಮೇಲೆ ಹಳೇ ಹೋಟ್ಲುಗಳಲ್ಲಿ, ಬಾಡಿಗೆ ಮನೆಗಳಲ್ಲಿ ಎಸಿ ಇರೋದು ಅಪರೂಪ, ಸೀಲಿಂಗ್ ಫ್ಯಾನೂ ಇರಲ್ಲ. ತಿಳಿ ಬಣ್ಣದ ಲಿನನ್, ಸುತ್ತ ಅಂಚಿರೋ ಟೋಪಿ, ಕೂಲಿಂಗ್ ಗ್ಲಾಸು, ಸನ್‌ಸ್ಕ್ರೀನು. ಫ್ಲೀಸ್ ಬಿಡ್ಬೋದು, ತೆಳು ಜಾಕೆಟ್ ಬಿಡ್ಬೇಡಿ, ವಿಮಾನದಲ್ಲಿ ಬೇಕಾಗತ್ತೆ.

ಈಗ ದುಪಟ್ಟಾ ವಿಷಯ. ರೋಮಿನ ದೊಡ್ಡ ಚರ್ಚು ಸೇಂಟ್ ಪೀಟರ್ಸ್ ಬೆಸಿಲಿಕಾದಲ್ಲಿ ಭುಜ, ಮೊಣಕಾಲು ಮುಚ್ಚಿರಲೇಬೇಕು, ಗಂಡಸರಿಗೂ ಇದೇ ರೂಲ್ಸು. ಬಿಸಿಲಲ್ಲಿ ಒಂದು ಗಂಟೆ ಕ್ಯೂ ನಿಂತು ಬಾಗಿಲಲ್ಲಿ ವಾಪಸ್ ಕಳಿಸಿಸ್ಕೊಂಡೋರನ್ನ ಕಣ್ಣಾರೆ ನೋಡಿದೀನಿ. ಬ್ಯಾಗಲ್ಲಿ ಒಂದು ದುಪಟ್ಟಾ ಇದ್ರೆ ಭುಜಕ್ಕೂ ಆಯ್ತು, ಸೊಂಟಕ್ಕೆ ಸುತ್ತಿದ್ರೆ ಮೊಣಕಾಲಿಗೂ ಆಯ್ತು, ವಿಮಾನದಲ್ಲಿ ಹೊದ್ಕೊಳಕ್ಕೂ, ಪಾರ್ಕಲ್ಲಿ ಹಾಸ್ಕೊಳಕ್ಕೂ. ನಮ್ಮ ಕಡೆ ಗಂಡಸರು ಒಂದು ತೆಳು ಪಂಚೆ ಇಟ್ಕೊಂಡ್ರೂ ಅದೇ ಕೆಲಸ, ತಮಾಷೆ ಅಲ್ಲ, ಟವೆಲ್ಲೂ ಅದೇ.

5. ಶೂ

ಎಲ್ಲಾ ಬಿಟ್ಟು ಒಂದೇ ವಿಷಯಕ್ಕೆ ದುಡ್ಡು ಹಾಕ್ತೀನಿ ಅಂದ್ರೆ ಇದಕ್ಕೆ ಹಾಕಿ. ದಿನಕ್ಕೆ ಹದಿನೈದು ಇಪ್ಪತ್ತು ಸಾವಿರ ಹೆಜ್ಜೆ ನಡೆಯೋದು ಮಾಮೂಲಿ, ಕಲ್ಲುರಸ್ತೆ ಬೇರೆ. ಅದರ ಮೇಲೆ ಗೋಪುರ ಹತ್ತೋ ಚಪಲ: ವಿಯೆನ್ನಾದ ಸೇಂಟ್ ಸ್ಟೀಫನ್ಸ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಲು, ಸೇಂಟ್ ಪೀಟರ್ಸ್ ಗುಮ್ಮಟಕ್ಕೆ ಲಿಫ್ಟ್ ಇಲ್ದೆ 551. ಎರಡು ಜೊತೆಗಿಂತ ಜಾಸ್ತಿ ಬೇಡ, ಒಂದು ಕಾಲಲ್ಲಿ ಒಂದು ಬ್ಯಾಗಲ್ಲಿ, ಬ್ಯಾಗಲ್ಲಿರೋದು ಹಗುರ ಇರಲಿ, ರೂಮಿಗೆ ಒಂದು ಹವಾಯಿ ಚಪ್ಪಲಿ ಆದ್ರೂ ಸಾಕು.

ಹೊಸ ಶೂ ಹಾಕ್ಕೊಂಡು ವಿಮಾನ ಹತ್ತೋದು ಶುದ್ಧ ಪೆದ್ದುತನ. ಮೂರು ವಾರ ಮುಂಚೆ ತಗೊಂಡು ದಿನಾ ನಡೀರಿ. ಮೈಸೂರಿನವರಿಗೆ ಸುಲಭ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಲು ಒಂದ್ಸಲ ಆ ಶೂಲಿ ಹತ್ತಿ ಇಳೀರಿ (ಹರಕೆ ಇದ್ರೆ ಬರಿಗಾಲಲ್ಲಿ ಇನ್ನೊಂದಿನ), ಇಳಿಯೋವಾಗ ಬೆರಳಿನ ತುದಿ ಮುಂದಕ್ಕೆ ತಾಗ್ತಿದ್ರೆ ಆ ಶೂ ಒಂದು ಸೈಜ್ ಚಿಕ್ಕದು. ತಳ ಜಾರ್ಬಾರ್ದು, ಮಳೆ ಬಂದ್ಮೇಲೆ ಲಿಸ್ಬನ್ನಿನ ನುಣುಪು ಕಲ್ಲಿನ ಇಳಿಜಾರು ಅಂದ್ರೆ ಎಣ್ಣೆ ಚೆಲ್ಲಿದ ಹಾಗೆ. ಬೊಬ್ಬೆಗೆ ಹಾಕೋ ಪ್ಲಾಸ್ಟರ್ ನಾಲ್ಕು ಪರ್ಸಲ್ಲಿ ಇರಲಿ.

6. ಬಾತ್‌ರೂಮ್ ಸಾಮಾನು, ಔಷಧಿ

ಕ್ಯಾಬಿನ್ ಬ್ಯಾಗಲ್ಲಿ ದ್ರವ ಯಾವುದೇ ಆಗಲಿ 100 ಎಂಎಲ್ ಮೀರಬಾರ್ದು, ಎಲ್ಲ ಸೇರಿ ಒಂದು ಲೀಟರ್ ಪಾರದರ್ಶಕ ಚೀಲದಲ್ಲಿ ಹಿಡಿಸ್ಬೇಕು. ಹೊಸ ಸ್ಕ್ಯಾನರ್ ಬಂದಿರೋ ಕೆಲವು ಏರ್‌ಪೋರ್ಟಲ್ಲಿ ಇದು ಸಡಿಲ ಆಗಿದೆ, ಆದ್ರೆ ವಾಪಸ್ ಬರೋ ಏರ್‌ಪೋರ್ಟಲ್ಲಿ ಹಳೇ ರೂಲ್ಸೇ ಇದ್ರೆ ಏನ್ ಮಾಡ್ತೀರಿ, 100ಕ್ಕೇ ಕಟ್ಕೊಳ್ಳಿ. ಬಾಟ್ಲಿ ಅರ್ಧ ಖಾಲಿ ಇದೆ ಅಂದ್ರೂ ಕೇಳಲ್ಲ, 150ರ ಬಾಟ್ಲಿ ಅಂದ್ರೆ 150. ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟು, ಉಪ್ಪಿನಕಾಯಿ ಎಲ್ಲಾನೂ ದ್ರವವೇ ಅವರ ಲೆಕ್ಕದಲ್ಲಿ.

ಮುಜುಗರ ಬಿಟ್ಟು ಹೇಳ್ಬೇಕಾದ್ದು, ಟಾಯ್ಲೆಟ್ಟಲ್ಲಿ ನೀರಿರಲ್ಲ, ಬರೀ ಪೇಪರು. ಇಟಲಿ ಒಂದು ವಾಸಿ, ಅಲ್ಲಿ 1975ರಿಂದ ಮನೆಗಳಿಗೆ ಬಿಡೆ (ಕೂತು ನೀರಲ್ಲಿ ತೊಳ್ಕೊಳೋ ತಗ್ಗು ಬೇಸಿನ್ನು) ಕಡ್ಡಾಯ. ಉಳಿದ ಕಡೆಗೆ ಒತ್ತಿದ್ರೆ ನೀರು ಬರೋ ಮೆತ್ತನೆ ಬಾಟ್ಲಿ ಒಂದು ತಗೊಳ್ಳಿ, ಖಾಲಿ ಇದ್ದಾಗ ಮಡಚಿ ಇಡ್ಬೋದು. ಸ್ಟೇಷನ್ ಟಾಯ್ಲೆಟ್ಟಿಗೆ ದುಡ್ಡು ಕೊಡ್ಬೇಕು, 50 ಸೆಂಟು, ಒಂದು ಯೂರೋ ನಾಣ್ಯ ಪ್ಯಾಂಟ್ ಜೇಬಲ್ಲಿರಲಿ.

ಔಷಧಿ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಜರ್ಮನಿ, ಆಸ್ಟ್ರಿಯಾದಲ್ಲಿ ಜ್ವರದ ಪ್ಯಾರಾಸಿಟಮಾಲ್ ಕೂಡ ಸೂಪರ್‌ಮಾರ್ಕೆಟ್ಟಲ್ಲಿ ಸಿಗಲ್ಲ, ಫಾರ್ಮಸಿಗೇ ಹೋಗ್ಬೇಕು, ಭಾನುವಾರ ಸರದಿ ಪ್ರಕಾರ ಒಂದೋ ಎರಡೋ ಮಾತ್ರ ತೆಗೆದಿರತ್ತೆ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ದಿನದ ಲೆಕ್ಕಕ್ಕಿಂತ ನಾಲ್ಕೈದು ದಿನ ಜಾಸ್ತಿ, ಸ್ಟ್ರಿಪ್ಪಿಂದ ಬಿಡಿಸದೇ, ಡಾಕ್ಟರ ಚೀಟಿ ಜೊತೆ, ಕ್ಯಾಬಿನ್ ಬ್ಯಾಗಲ್ಲೇ. ಜ್ವರ, ಭೇದಿ, ಆಸಿಡಿಟಿ, ಅಲರ್ಜಿಗೆ ಒಂದೊಂದು ಸ್ಟ್ರಿಪ್ಪು, ಎರಡು ಓಆರ್‌ಎಸ್.

7. ಚಾರ್ಜರು, ಪ್ಲಗ್ಗು

ಅಲ್ಲೂ 230 ವೋಲ್ಟೇ, ಕನ್ವರ್ಟರ್ ಬೇಡ. ನಮ್ಮ ಮೊಬೈಲ್ ಚಾರ್ಜರಿನ ತೆಳು ದುಂಡು ಎರಡು ಪಿನ್ನು ಅಲ್ಲಿ ನೇರವಾಗಿ ಕೂರತ್ತೆ, ಸ್ವಲ್ಪ ಸಡಿಲ ಅನ್ನಿಸ್ಬೋದು. ಕೂರದೇ ಇರೋದು ಲ್ಯಾಪ್‌ಟಾಪಿನ ಮೂರು ಪಿನ್ನು, ಅದಕ್ಕೆ ಅಡಾಪ್ಟರ್ ಬೇಕು. ಸ್ವಿಟ್ಜರ್ಲೆಂಡ್ ಪಾಯಿಂಟೇ ಬೇರೆ, ತೆಳು ಎರಡು ಪಿನ್ ಆಗತ್ತೆ, ಜರ್ಮನಿಯ ದಪ್ಪ ದುಂಡು ಪ್ಲಗ್ ಆಗಲ್ಲ. ಲಂಡನ್ನಿಗೆ ಚೌಕ ಮೂರು ಪಿನ್ನಿಂದು. ಮೂರು ಪೋರ್ಟಿನ ಚಾರ್ಜರ್ ಒಂದು, ವೈರ್ ಎರಡು, ಮುಗೀತು.

ಪವರ್‌ಬ್ಯಾಂಕ್ ಕ್ಯಾಬಿನ್ ಬ್ಯಾಗಲ್ಲಿ ಮಾತ್ರ, ಚೆಕ್-ಇನ್ನಲ್ಲಿ ಹಾಕಂಗಿಲ್ಲ, ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ದು ಸುಮಾರು 74 ಬರತ್ತೆ, ತೊಂದರೆ ಇಲ್ಲ. ಚಳೀಲಿ ಫೋನ್ ಬ್ಯಾಟರಿ ಸರ್ರಂತ ಇಳಿಯತ್ತೆ, 30 ಪರ್ಸೆಂಟ್ ಇದ್ದದ್ದು ಆಫ್ ಆಗ್ಬಿಡತ್ತೆ, ಜಾಕೆಟ್ಟಿನ ಒಳಜೇಬಲ್ಲಿ ಇಟ್ಕೊಳ್ಳಿ.

8. ತಿಂಡಿ, ಚಟ್ನಿಪುಡಿ ಇತ್ಯಾದಿ

ಇದು ಭಾವನಾತ್ಮಕ ವಿಷಯ, ಆದ್ರೂ ಕಾನೂನು ಹೇಳ್ಬಿಡ್ತೀನಿ. ಯೂರೋಪಿಯನ್ ಯೂನಿಯನ್ ಒಳಗೆ ನಮ್ಮಂಥ ಹೊರದೇಶದಿಂದ ಮಾಂಸ, ಹಾಲಿನ ಪದಾರ್ಥ ತಗೊಂಡ್ಹೋಗಂಗಿಲ್ಲ. ತುಪ್ಪ, ಪನೀರು, ಧಾರವಾಡ ಪೇಡ, ಎಲ್ಲಾ ಔಟು. ಮಗುಗೆ ಬೇಕಾದ ಹಾಲಿನ ಪುಡಿಗೆ ವಿನಾಯಿತಿ ಇದೆ. ಹಸಿ ಹಣ್ಣು, ತರಕಾರಿ, ಕರಿಬೇವಿನ ಸೊಪ್ಪಿಗೂ ಸರ್ಟಿಫಿಕೇಟ್ ಬೇಕು, ಬೇಡದೇ ಇರೋದು ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಅನಾನಸ್, ದುರಿಯನ್ ಮಾತ್ರ. ತೆಂಗಿನಕಾಯಿಗೆ ಅಲ್ಲಿ ಅಡ್ಡಿ ಇಲ್ಲ, ಒಣಕೊಬ್ಬರಿಗೆ ವಿಮಾನದಲ್ಲೇ ಅಡ್ಡಿ, ಎಣ್ಣೆ ಅಂಶಕ್ಕೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳೋ ವಸ್ತು ಅಂತ ಅದನ್ನ ಅಪಾಯಕಾರಿ ಪಟ್ಟೀಲಿ ಇಟ್ಟಿದಾರೆ. ಗಿಟುಕು ಮನೇಲೇ ಬಿಡಿ.

ನಾನು ತಗೊಂಡ್ಹೋಗೋದು 150 ಗ್ರಾಂ ಚಟ್ನಿಪುಡಿ, ಬಿಸಿನೀರು ಹಾಕಿದ್ರೆ ಆಗೋ ಉಪ್ಪಿಟ್ಟು ಅವಲಕ್ಕಿ ನಾಲ್ಕು ಪ್ಯಾಕೆಟ್, ಒಂದಿಷ್ಟು ಕೋಡುಬಳೆ. ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿ ಬಾಗಿಲು ಹಾಕಿರತ್ತೆ, ಸಸ್ಯಾಹಾರಿಗಳಿಗೆ ಆವತ್ತು ಈ ಪ್ಯಾಕೆಟ್ಟೇ ದೇವರು. ರೂಮಲ್ಲಿ ಕೆಟಲ್ ಇದ್ಯಾ ಅಂತ ಬುಕ್ ಮಾಡೋವಾಗಲೇ ಕೇಳಿ, ಎಷ್ಟೋ ಕಡೆ ಇರಲ್ಲ. ರೂಮಲ್ಲಿ ಕುಕ್ಕರ್ ಇಟ್ಟು ಒಗ್ಗರಣೆ ಹಾಕೋ ಪ್ಲಾನ್ ಬೇಡ, ಹೊಗೆಗೆ ಅಲಾರಂ ಹೊಡ್ಕೊಂಡ್ರೆ ಪೂರ್ತಿ ಬಿಲ್ಡಿಂಗ್ ರಸ್ತೆಗೆ ಬರತ್ತೆ. ಖಾಲಿ ನೀರಿನ ಬಾಟ್ಲಿ ಒಂದು ಖಂಡಿತ, ವಿಯೆನ್ನಾದ ನಲ್ಲೀಲಿ ಬರೋದು ಆಲ್ಪ್ಸ್ ಬೆಟ್ಟದ ಬುಗ್ಗೆ ನೀರು, ರೋಮಲ್ಲಿ ಬೀದಿ ಬೀದಿಲಿ ಕುಡಿಯೋ ನೀರಿನ ನಲ್ಲಿ ಸುರೀತಾನೇ ಇರತ್ತೆ.

9. ಕಾಗದ ಪತ್ರ, ದಿನದ ಚೀಲ

ಪಾಸ್‌ಪೋರ್ಟು, ವೀಸಾ, ರಿಟರ್ನ್ ಟಿಕೆಟ್, ಹೋಟೆಲ್ ಬುಕಿಂಗ್, ಇನ್ಶೂರೆನ್ಸ್ (ಷೆಂಗೆನ್‌ಗೆ, ಅಂದ್ರೆ ಒಂದೇ ವೀಸಾಲಿ ಓಡಾಡೋ ಯೂರೋಪ್ ದೇಶಗಳ ಗುಂಪಿಗೆ, ಕನಿಷ್ಠ 30,000 ಯೂರೋ ಕವರ್ ಬೇಕು), ಇವುಗಳ ಪ್ರಿಂಟು ಒಂದು ತೆಳು ಫೈಲಲ್ಲಿ, ಕೈಗೆ ಸಿಗೋ ಹಾಗೆ. ಇಮಿಗ್ರೇಷನ್ನಲ್ಲಿ ಕೇಳ್ಬೋದು, ಹನ್ನೊಂದು ಗಂಟೆ ಹಾರಿ ಬಂದ್ಮೇಲೆ ಫೋನ್ ಚಾರ್ಜ್ ಇರಲ್ಲ.

ಓಡಾಟಕ್ಕೆ ಅಡ್ಡ ಹಾಕ್ಕೊಳೋ ಜಿಪ್ ಚೀಲ ಸಾಕು, ಮುಂದೆ ಬರೋ ಹಾಗೆ ಹಾಕ್ಕೊಳ್ಳಿ. ಪ್ಯಾರಿಸ್ ಮೆಟ್ರೋ, ಬಾರ್ಸಿಲೋನಾದ ರಾಂಬ್ಲಾ ರಸ್ತೆ, ರೋಮಿನ ಬಸ್ಸು, ಇಲ್ಲೆಲ್ಲ ಜೇಬುಗಳ್ಳರು ಮೆಜೆಸ್ಟಿಕ್ಕಿಗಿಂತ ನಾಜೂಕು. ಪಾಸ್‌ಪೋರ್ಟು, ಒಂದು ಕಾರ್ಡು, ಸ್ವಲ್ಪ ಯೂರೋ ಬೇರೆ ಕಡೆ ಇರಲಿ. ದೊಡ್ಡ ಬ್ಯಾಕ್‌ಪ್ಯಾಕನ್ನ ಎಷ್ಟೋ ಮ್ಯೂಸಿಯಂ ಒಳಗೆ ಬಿಡಲ್ಲ, ಚೆಕೌಟ್ ಆದ ದಿನ ಹೋಟ್ಲಲ್ಲೋ ಸ್ಟೇಷನ್ ಲಾಕರಲ್ಲೋ ಇಟ್ಟು ಹೋಗಿ.

10. ಈಗ ತುಂಬೋದು

ಹೊರಡೋ ಹಿಂದಿನ ರಾತ್ರಿ ಅಲ್ಲ, ಎರಡು ದಿನ ಮುಂಚೆ. ಎಲ್ಲಾ ಮಂಚದ ಮೇಲೆ ಹರಡಿ, ಒಂದೊಂದನ್ನೂ ಎತ್ತಿ "ಇದು ಯಾವ ದಿನ, ಎಲ್ಲಿ ಹಾಕ್ಕೋತೀನಿ" ಅಂತ ಕೇಳಿ. ದಿನ ಹೇಳಕ್ಕಾಗ್ಲಿಲ್ಲ ಅಂದ್ರೆ ಬೀರುಗೆ ವಾಪಸ್. "ಬೇಕಾದ್ರೆ ಇರಲಿ" ಅನ್ನೋ ಗುಂಪಿಂದೇ ನಾಲ್ಕು ಕೆಜಿ ಬರೋದು.

ಭಾರದ್ದು ಬೆನ್ನಿಗೆ ತಾಗೋ ಕಡೆ, ಶೂ ಒಳಗೆ ಸಾಕ್ಸು, ಟೀಶರ್ಟ್ ಸುರುಳಿ ಸುತ್ತಿ ಸಾಲಾಗಿ, ಶರ್ಟ್ ಮಾತ್ರ ಮಡಚಿ ಮೇಲೆ. ದ್ರವದ ಚೀಲ, ಫೈಲು, ಪವರ್‌ಬ್ಯಾಂಕು ಎಲ್ಲಕ್ಕಿಂತ ಮೇಲೆ, ಸೆಕ್ಯೂರಿಟೀಲಿ ಬ್ಯಾಗ್ ಪೂರ್ತಿ ಬಿಚ್ಚೋ ಹಾಗಾಗ್ಬಾರ್ದು. ಕೊಳೆ ಬಟ್ಟೆಗೆ ಒಂದು ಖಾಲಿ ಬಟ್ಟೆ ಚೀಲ, ಮದುವೆ ಮನೆ ತಾಂಬೂಲದ ಚೀಲ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ತೂಕ: ಕೊಕ್ಕೆ ಹಾಕಿ ಎತ್ತೋ ಪುಟ್ಟ ತಕ್ಕಡಿ ಇದ್ರೆ ಸರಿ, ಇಲ್ದಿದ್ರೆ ಮನೆ ತೂಕದ ಮೆಷಿನ್ ಮೇಲೆ ಬ್ಯಾಗ್ ಹೊತ್ಕೊಂಡು ಒಂದ್ಸಲ, ಹೊರದೇ ಒಂದ್ಸಲ ನಿಂತು ಕಳೀರಿ. ನಂದು ಬೇಸಿಗೇಲಿ ಆರೂ ಚಿಲ್ಲರೆ, ಚಳಿಗಾಲದಲ್ಲಿ ಏಳೂವರೆ ಬರತ್ತೆ. ಆಮೇಲೆ ಹೊತ್ಕೊಂಡೇ ಮನೆ ಮೆಟ್ಟಲು ನಾಲ್ಕು ಸಲ ಹತ್ತಿ ಇಳೀರಿ. ಏದುಸಿರು ಬಂತಾ? ಫ್ಲೀಸ್ ಅಲ್ಲ, ಎರಡನೇ ಪ್ಯಾಂಟ್ ತೆಗೀರಿ.

ವಾಪಸ್ ಬರೋವಾಗ ಚಾಕ್ಲೇಟಿಗೆ ಅಂತ ಒಂದು ಮಡಚೋ ಚೀಲ ತಳದಲ್ಲಿ ಹಾಕಿಡಿ, ದೊಡ್ಡ ಕಂಪನಿ ಟಿಕೆಟ್ಟಲ್ಲಿ ಹೇಗೂ ಚೆಕ್-ಇನ್ ಖಾಲಿ ಇರತ್ತಲ್ಲ, ಬಟ್ಟೆ ಬ್ಯಾಗ್ ಅದಕ್ಕೆ ಕೊಟ್ಟು ಚಾಕ್ಲೇಟ್ ಕೈಯಲ್ಲಿ ಇಟ್ಕೊಳ್ಳಿ. ಟ್ಯಾಕ್ಸ್ ರಿಫಂಡ್ (ಅಲ್ಲಿ ಕೊಂಡಾಗ ಕೊಟ್ಟ ತೆರಿಗೆ ವಾಪಸ್) ತಗೊಳೋ ಸಾಮಾನೇನಾದ್ರೂ ಕೊಂಡಿದ್ರೆ ಅದನ್ನ ಬಿಲ್ ಜೊತೆ ಮೇಲೇ ಇಡಿ, ಕಸ್ಟಮ್ಸ್‌ನವರು ತೋರಿಸಿ ಅಂತಾರೆ, ಆಗ ಕೌಂಟರ್ ಮುಂದೆ ಕೂತು ಕೊಳೆ ಸಾಕ್ಸ್ ಎಲ್ಲ ಹೊರಗೆ ತೆಗೆದು ಹುಡುಕೋ ಕೆಲಸ ಇರಬಾರ್ದು, ನಾನು ಒಂದ್ಸಲ ಹುಡುಕಿದೀನಿ.